ಮಲ್ಪೆಯಿಂದ ಮಾರಿಕಣಿವೆಗೆ ದೋಣಿ ತರುವ ಮುನ್ನ

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನವನು, ನಮ್ಮ ಜಮೀನು ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ, ಹಿನ್ನೀರಿನ ಪಕ್ಕದಲ್ಲಿದೆ. ಕಳೆದ ವರ್ಷ ಜುಲೈನಲ್ಲಿ ಮಲ್ಪೆಯಲ್ಲಿ 18 ಅಡಿಯ ಹಳೆಯ ಫೈಬರ್ ದೋಣಿಯನ್ನೂ 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ನನ್ನೂ ಕೊಂಡು, ನಮ್ಮ ಭಾವ ಚಿತ್ರದುರ್ಗದಲ್ಲಿ ವೆಲ್ಡಿಂಗ್ ಮಾಡಿಸಿಕೊಟ್ಟ ಟ್ರೈಲರಿನ ಮೇಲಿಟ್ಟು (ಎರಡು ಟನ್ ತಡೆಯುವಂತೆ ಗಟ್ಟಿಯಾಗಿ ಮಾಡಿಸಿದ್ದೇವೆ), ಬೊಲೆರೊ ಹಿಂದೆ ಕಟ್ಟಿಕೊಂಡು ಬಂದೆ. ಲಾರಿಯವರಿಂದ ನೈಲಾನ್ ಹಗ್ಗ ಹಾಕಿಸಿ ಅಲ್ಲಾಡದಂತೆ ಬಿಗಿಸಿದ್ದೆ, ಮೇಲೆ ತಾಡಪಾಲು ಹೊದಿಸಿದ್ದೆ. ಊರಿಗೆ ಬಂದು ನೋಡಿದರೆ ತಳದಲ್ಲಿ, ಹಿಂಭಾಗಕ್ಕೆ ಹತ್ತಿರ, ಅಡ್ಡಲಾಗಿ ಒಂದು ಬಿರುಕು. ಎಂಜಿನ್ ಕೂರುವ ಹಲಗೆಯ ಮೂಲೆಗಳಲ್ಲಿ ಕೂದಲೆಳೆಯಂಥ ಗೆರೆಗಳು. ಪಕ್ಕದ ಅಂಚಿನಲ್ಲಿ ಬಣ್ಣ ಉಜ್ಜಿಹೋಗಿತ್ತು. ಈಗ ಅದೇ ಅಳತೆಯ ಇನ್ನೊಂದು ದೋಣಿ ತರಬೇಕಾಗಿದೆ. ಹಗ್ಗ ಇನ್ನೂ ಬಿಗಿಯಬೇಕಿತ್ತು ಎನ್ನುತ್ತಾರೆ ಕೆಲವರು; ಹಳೆಯ ಟಯರ್ ಹಾಸಿ, ಟ್ರೈಲರ್ ಚಕ್ರದ ಗಾಳಿ ಇಳಿಸಿ, ದೋಣಿಯೊಳಗೆ ಬಲೆ, ಮೂಟೆ ತುಂಬಿದರೆ ಕುಲುಕುವುದಿಲ್ಲ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? ಒಡೆದ ದೋಣಿಯನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಮಾರಿಕಣಿವೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ ನಮ್ಮ ಬಯಲುಸೀಮೆಯಲ್ಲೂ ದೋಣಿ ಕೊಳ್ಳುವ ಮಾತು ಹೆಚ್ಚಾಗಿದೆ, ಅದರ ಜೊತೆಗೆ ನಿಮ್ಮಂಥ ಪತ್ರಗಳೂ ಹೆಚ್ಚಾಗಿವೆ. ಕರಾವಳಿಯ ದೋಣಿ ಕಟ್ಟುವ ಅಂಗಳಗಳಲ್ಲಿ ಫೈಬರ್ ಕೆಲಸ ಕಲಿತು, ಈಗ ಹರಿಹರದ ಕಡೆ ಅದನ್ನೇ ಕಸುಬಾಗಿಸಿಕೊಂಡಿರುವ ನಾನು ಕಂಡಂತೆ, ನಮ್ಮ ಕಡೆಗೆ ಬರುವ ದೋಣಿಗಳಿಗೆ ನೀರಿನಲ್ಲಿ ಆಗುವ ಹಾನಿಗಿಂತ ರಸ್ತೆಯ ಮೇಲೆ ಆಗುವ ಹಾನಿಯೇ ಹೆಚ್ಚು. ನೀವು ಮೂರು ಗುರುತುಗಳನ್ನು ಬರೆದಿದ್ದೀರಿ, ಜೊತೆಗೆ ಫೋಟೊಗಳನ್ನೂ ಕಳುಹಿಸಿದ್ದೀರಿ. ಆ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಒಂದಕ್ಕೂ ನೀವು ಹೊರಡುವಾಗ ಹಗ್ಗವನ್ನು ಸಾಕಷ್ಟು ಬಿಗಿಯದಿದ್ದದ್ದು ಕಾರಣವಲ್ಲ.

ಎರಡನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ದೋಣಿಯ ತಳಕ್ಕೆ ಆಸರೆಯಾಗಿ ಟ್ರೈಲರಿನ ಉದ್ದಕ್ಕೆ ಹಾಕಿಸಿರುವ ಎರಡು ಮರದ ಹಲಗೆಗಳು ದೋಣಿಯ ಹಿಂಬದಿಯವರೆಗೆ ಬಂದಿಲ್ಲ. ಸುಮಾರು ಎರಡು ಅಡಿ ಮುಂಚೆಯೇ ನಿಂತುಹೋಗಿವೆ. ಆ ಎರಡು ಅಡಿಯ ತುದಿಯಲ್ಲಿ, ಗಾಳಿಯಲ್ಲಿ, 50 ಕೆ.ಜಿ. ಆಸುಪಾಸಿನ ಎಂಜಿನ್ ತೂಗಿಕೊಂಡಿದೆ. ನಿಂತಲ್ಲಿ ನಿಂತರೆ ಅಷ್ಟರಿಂದ ಏನೂ ಆಗುವುದಿಲ್ಲ. ಆದರೆ ಚಕ್ರ ಗುಂಡಿಗೆ ಬಿದ್ದು ಎದ್ದಾಗ, ಊರೂರಿನ ಹಂಪುಗಳನ್ನು ಹತ್ತಿ ಇಳಿದಾಗ, ಅದೇ ಎಂಜಿನ್ ಕ್ಷಣಕಾಲ ಎರಡು ಮೂರು ಪಟ್ಟು ತೂಗುತ್ತದೆ, 300 ಕಿ.ಮೀ. ದಾರಿಯಲ್ಲಿ ಇದು ಸಾವಿರಾರು ಸಲ ನಡೆಯುತ್ತದೆ. ಒಣಗಿದ ಕೊಂಬೆಯನ್ನು ಮೊಣಕಾಲಿಗೆ ಆನಿಸಿ ಮುರಿಯುವಾಗ ಮೊಣಕಾಲು ಮಾಡುವ ಕೆಲಸವನ್ನು ನಿಮ್ಮ ಟ್ರೈಲರಿನಲ್ಲಿ ಹಲಗೆಯ ತುದಿ ಮಾಡಿದೆ. ಅಡ್ಡ ಬಿರುಕು ಸರಿಯಾಗಿ ಆ ತುದಿಯ ಮೇಲೇ ಬಂದಿದೆ. ಅಳತೆಪಟ್ಟಿ ಹಿಡಿದು ನೀವೇ ನೋಡಬಹುದು.

ಫೈಬರ್ ದೋಣಿಯ ತಳವನ್ನು ನೀರು ಎಲ್ಲ ಕಡೆಯಿಂದಲೂ ಸಮನಾಗಿ ಎತ್ತಿ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಟ್ರೈಲರಿನ ಮೇಲೆ ಅದೇ ತಳ ಕೆಲವೇ ಅಂಗುಲ ಅಗಲದ ಎರಡು ಹಲಗೆಗಳ ಮೇಲೆ, ಅದೂ ಕುಲುಕುತ್ತಾ, ಹತ್ತು ಗಂಟೆ ಕೂರಬೇಕಾಗುತ್ತದೆ. ಆದ್ದರಿಂದ ದೂರ ಪ್ರಯಾಣದಲ್ಲಿ ದೋಣಿಯನ್ನು ಕಾಪಾಡುವುದು ಮೊದಲು ಅದರ ಕೆಳಗಿನ ಆಸರೆ. ಹಗ್ಗ, ಬೆಲ್ಟು, ಹೊದಿಕೆಗಳೆಲ್ಲ ಆಮೇಲಿನವು. ನಮ್ಮ ಜನ ಶ್ರಮವನ್ನೆಲ್ಲ ಮೇಲ್ಗಡೆಯೇ ಸುರಿಯುತ್ತಾರೆ. ತುಂಗಭದ್ರೆಯ ದಡದಲ್ಲಿ ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯುವವರನ್ನು ನೀವು ನೋಡಿರಬಹುದು. ಅವರೂ ಮೊದಲು ಹುಡುಕುವುದು ಭಾರ ಸಮನಾಗಿ ಕೂರುವ ಜಾಗವನ್ನೇ.

ಹಾಗಾಗಿ ಹೊಸ ದೋಣಿ ತರುವ ಮೊದಲು ಟ್ರೈಲರನ್ನು ಮತ್ತೆ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಆಸರೆ ಹಲಗೆಗಳು ದೋಣಿಯ ಹಿಂಬದಿಯ, ಅಂದರೆ ಎಂಜಿನ್ ಕೂರುವ, ಹಲಗೆಯ ಕೆಳಗಿನವರೆಗೂ, ಸಾಧ್ಯವಾದರೆ ಅದಕ್ಕಿಂತ ಒಂದೆರಡು ಅಂಗುಲ ಆಚೆಗೂ ಬರಬೇಕು. ದೋಣಿಯ ಒಳಗೆ ತಳದ ಉದ್ದಕ್ಕೂ ಬಲಕ್ಕಾಗಿ ಕೂಡಿಸಿರುವ ಏಣುಗಳಿರುತ್ತವೆ. ಹಲಗೆಗಳು ಅವುಗಳ ನೇರಕ್ಕೆ ಕೂರಬೇಕು, ಅವುಗಳ ನಡುವಿನ ತೆಳು ಜಾಗಕ್ಕಲ್ಲ. ತಳದ ನಡುಗೆರೆಗೆ ಎರಡು ಮೂರು ಕಡೆ ರಬ್ಬರ್ ರೋಲರ್ ಇದ್ದರೆ ಒಳ್ಳೆಯದು. ಹಲಗೆಯ ಮೇಲೆ ನೀರು ಹಿಡಿದಿಡದ ದಪ್ಪ ಕಾರ್ಪೆಟ್ ಹೊಡೆಸಿ; ಸ್ಪಂಜು ಬೇಡ, ಅದು ಒದ್ದೆಯಾಗಿಯೇ ಉಳಿದು ಮರವನ್ನೂ ಮೊಳೆಯನ್ನೂ ತಿನ್ನುತ್ತದೆ. ಮೊಳೆಯ ತಲೆ ಕಾರ್ಪೆಟ್ಟಿನಿಂದ ಮೇಲೆ ಇಣುಕಬಾರದು.

ಆಸರೆ ಸರಿಯಾಗಿದೆಯೇ ಎಂದು ನೋಡಲು ನಮ್ಮ ಕೆಲಸದವರು ಒಂದು ಸುಲಭ ದಾರಿ ಕಂಡುಕೊಂಡಿದ್ದಾರೆ. ಕಾರ್ಪೆಟ್ಟಿನ ಮೇಲೆ ಉದ್ದಕ್ಕೂ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ, ದೋಣಿಯನ್ನು ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ ತಳ ನೋಡುತ್ತಾರೆ. ಬಿಳಿ ಗುರುತು ಹಲಗೆಯಷ್ಟೇ ಉದ್ದಕ್ಕೆ ಎರಡು ಪಟ್ಟಿಯಾಗಿ ಬಂದಿದ್ದರೆ ಸರಿ. ಕಳೆದ ಬೇಸಿಗೆಯಲ್ಲಿ ಒಬ್ಬರು ತಂದ ದುಬಾರಿ ಟ್ರೈಲರಿನಲ್ಲಿ ಅಂಗೈ ಅಗಲದ ನಾಲ್ಕೇ ನಾಲ್ಕು ಚುಕ್ಕೆಗಳು ಬಂದವು. ಅಂದರೆ ಇಡೀ ದೋಣಿ ನಾಲ್ಕು ಅಂಗೈಗಳ ಮೇಲೆ ನಿಂತಿತ್ತು. ಹಲಗೆಯ ಕೋನವನ್ನು ಬೋಲ್ಟ್ ಸಡಿಲಿಸಿ ತಿರುಗಿಸಿದ ಮೇಲೆ ಗುರುತು ಉದ್ದಕ್ಕೂ ಬಂತು. ಅರ್ಧ ಗಂಟೆಯ ಕೆಲಸ.

ಟ್ರೈಲರಿನ ಇನ್ನೊಂದು ದೋಷ ಫೋಟೊದಲ್ಲಿ ಕಾಣುವುದಿಲ್ಲ, ಆದರೆ ನೀವು ಬರೆದದ್ದರಿಂದ ಊಹಿಸಬಲ್ಲೆ. ‘ಎರಡು ಟನ್ ತಡೆಯುವಂತೆ ಗಟ್ಟಿಯಾಗಿ ಮಾಡಿಸಿದ್ದೇವೆ’ ಎಂದಿದ್ದೀರಿ. ದೋಣಿ, ಎಂಜಿನ್ ಎರಡೂ ಸೇರಿ 450 ಕೆ.ಜಿ. ಇದ್ದಾಗ ಎರಡು ಟನ್ನಿನ ಕಮಾನ್ ಪ್ಲೇಟುಗಳು ಬಾಗುವುದೇ ಇಲ್ಲ. ರಸ್ತೆಯ ಪೆಟ್ಟೆಲ್ಲ ನೇರವಾಗಿ ದೋಣಿಗೆ ಹೋಗುತ್ತದೆ. ಖಾಲಿ ಲಾರಿಯ ಹಿಂದಿನ ಭಾಗ ಹೇಗೆ ಜಿಗಿಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಎಂಜಿನ್ ಹಲಗೆಯ ಮೂಲೆಗಳಲ್ಲಿ ಬಂದ ಕೂದಲೆಳೆ ಗೆರೆಗಳಿಗೆ ಅರ್ಧ ಕಾರಣ ಇದು. ಕಮಾನಿನಿಂದ ಎರಡು ಪ್ಲೇಟು ತೆಗೆಸಿ, ಭಾರ ಹೇರಿದಾಗ ಅದು ಕಣ್ಣಿಗೆ ಕಾಣುವಷ್ಟು ಇಳಿಯುವಂತೆ ಮಾಡಿಸಿ. ಎಷ್ಟು ತೆಗೆಯಬೇಕೆಂಬುದನ್ನು ಕಮಾನು ಕೆಲಸ ಗೊತ್ತಿರುವವರೇ ಹೇಳಬೇಕು. ವೆಲ್ಡರ್ ಹೇಳಿದ್ದನ್ನು ಇಲ್ಲಿ ನಂಬಬೇಡಿ.

ಗೆರೆಗಳಿಗೆ ಉಳಿದರ್ಧ ಕಾರಣ ಎಂಜಿನ್ನನ್ನು ಮೇಲೆತ್ತಿ ಅದರದೇ ಚಿಕ್ಕ ಕೊಂಡಿಯ ಮೇಲೆ ನಿಲ್ಲಿಸಿ ತಂದದ್ದು. ಆ ಕೊಂಡಿ ಇರುವುದು ದಡದಲ್ಲಿ ದೋಣಿ ನಿಂತಾಗ ಎಂಜಿನ್ ನೀರಿಗೆ ತಾಗದಿರಲಿ ಎಂದು, ಹೆದ್ದಾರಿಯ ಪೆಟ್ಟು ತಡೆಯಲಿಕ್ಕಲ್ಲ. ದೊಡ್ಡ ಎಂಜಿನ್‌ಗಳಾದರೆ ಅವುಗಳ ಕೆಳಭಾಗದಿಂದ ಟ್ರೈಲರಿಗೆ ಒಂದು ಊರೆಗೋಲು ಕೊಟ್ಟು ಭಾರವನ್ನು ಹಂಚುತ್ತಾರೆ. ನಿಮ್ಮದು ಇಬ್ಬರು ಎತ್ತಬಲ್ಲ ಎಂಜಿನ್. ಬಿಚ್ಚಿ ಬೊಲೆರೊದೊಳಗೆ ಮಲಗಿಸಿ ತನ್ನಿ. ಬಿಚ್ಚಿದ ಮೇಲೆ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಪೂರ್ತಿ ಇಳಿಯಲು ಬಿಡಿ, ಮಲಗಿಸುವಾಗ ನೀರು ತಳ್ಳುವ ಫ್ಯಾನಿನ ಕಡೆಯ ತುದಿ ತಲೆಗಿಂತ ಮೇಲಾಗದಿರಲಿ. ಇಲ್ಲದಿದ್ದರೆ ಉಳಿದ ನೀರು ಎಂಜಿನ್ನಿನ ತಲೆಯೊಳಕ್ಕೆ ಹರಿಯುತ್ತದೆ. ನಾಲ್ಕು ಸ್ಟ್ರೋಕಿನದಾದರೆ ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಅದರ ಮೇಲೋ ಕೈಪಿಡಿಯಲ್ಲೋ ಗುರುತಿರುತ್ತದೆ, ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸೋರಿ ಸಿಲಿಂಡರಿಗೆ ಸೇರುತ್ತದೆ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿಯೇ ತನ್ನಿ.

ಇನ್ನು ಬಿಗಿಯುವ ಮಾತು. ನಮ್ಮ ಲಾರಿಯವರು ಹಾಕುವ ಗಂಟಿನ ಬಗ್ಗೆ ನನಗೆ ಗೌರವವಿದೆ. ದಾವಣಗೆರೆ ಮಂಡಿಯಿಂದ ಮೆಕ್ಕೆಜೋಳದ ಮೂಟೆ ಹೊತ್ತು ಹೊರಟ ಲಾರಿಯ ಹಗ್ಗ ಎಷ್ಟು ದೂರ ಹೋದರೂ ಜಗ್ಗುವುದಿಲ್ಲ. ಆದರೆ ಮೂಟೆ ತಾನೇ ಅದುಮಿಕೊಂಡು ಹಗ್ಗಕ್ಕೆ ಒಗ್ಗುತ್ತದೆ, ದೋಣಿ ಒಗ್ಗುವುದಿಲ್ಲ. ಜೊತೆಗೆ ನೈಲಾನ್ ಹಗ್ಗ ಸಹಜವಾಗಿಯೇ ಹಿಗ್ಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಹಾಗಾಗಿ ಹೊರಡುವಾಗ ವೀಣೆಯ ತಂತಿಯಂತೆ ಬಿಗಿಸಿದ ಹಗ್ಗ ದೋಣಿಯ ಅಂಚನ್ನು ಒಳಕ್ಕೆ ಒತ್ತಿ ಹಿಂಸಿಸುತ್ತದೆ, ಘಾಟಿಯ ಮಳೆಯಲ್ಲಿ ನೆನೆದ ಮೇಲೆ ಸಡಿಲಾಗಿ ಅದೇ ಅಂಚನ್ನು ಉಜ್ಜುತ್ತದೆ. ನಿಮ್ಮ ಮೂರನೆಯ ಗುರುತು, ಅಂದರೆ ಪಕ್ಕದ ಬಣ್ಣ ಹೋದದ್ದರಲ್ಲಿ, ಹಗ್ಗದ ಪಾಲು ಇಷ್ಟು.

ಬೆಲ್ಟಿನ ಕೆಲಸ ದೋಣಿಯನ್ನು ಹಿಂಡುವುದಲ್ಲ. ದೋಣಿಯೂ ಟ್ರೈಲರೂ ಒಂದೇ ವಸ್ತುವಿನಂತೆ ಕುಲುಕುವ ಹಾಗೆ ನೋಡಿಕೊಳ್ಳುವುದು. ಪಾಲಿಯೆಸ್ಟರಿನ, ಹಲ್ಲುಚಕ್ರ ತಿರುಗಿಸಿ ಬಿಗಿಯುವ ಅಗಲ ರ್‍ಯಾಚೆಟ್ ಬೆಲ್ಟುಗಳನ್ನು ಕೊಳ್ಳಿ. ಹಿಂಬದಿಯ ಹಲಗೆಯ ಎರಡೂ ಮೂಲೆಗೆ ಒಂದೊಂದು ಯು-ಬೋಲ್ಟ್ ಹಾಕಿಸಿ, ಒಳಗಡೆ ಅಗಲ ಪಟ್ಟಿ ಕೊಟ್ಟು, ಅಲ್ಲಿಂದ ಟ್ರೈಲರಿನ ಹಿಂದಿನ ಮೂಲೆಗಳಿಗೆ ಎರಡು ಬೆಲ್ಟು ಎಳೆಯಿರಿ. ಮೂತಿಯ ಉಂಗುರಕ್ಕೆ ವಿಂಚಿನ ಬೆಲ್ಟು ಇದ್ದೇ ಇರುತ್ತದೆ. ಆದರೆ ವಿಂಚು ಇರುವುದು ದೋಣಿಯನ್ನು ಮೇಲೆಳೆದುಕೊಳ್ಳಲು, ಅದರ ಹಲ್ಲು ಜಾರಿದರೆ ಎಲ್ಲವೂ ಜಾರುತ್ತದೆ. ಆದ್ದರಿಂದ ಅದೇ ಉಂಗುರದಿಂದ ವಿಂಚು ಕೂರಿಸಿದ ಕಂಬಕ್ಕೆ ಒಂದು ಸರಪಳಿಯನ್ನೂ, ಕೆಳಗೆ ಟ್ರೈಲರಿನ ಚೌಕಟ್ಟಿಗೆ ಇನ್ನೊಂದು ಬೆಲ್ಟನ್ನೂ ಹಾಕಬೇಕು. ನಡುವೆ ಅಡ್ಡಲಾಗಿ ಒಂದು ಬೆಲ್ಟು ಹಾಯಿಸುವುದಾದರೆ ಅಂಚು ತಾಗುವಲ್ಲಿ ಮಡಿಸಿದ ಕಾರ್ಪೆಟ್ ತುಂಡು ಇಟ್ಟು, ಕೈಬಿಗಿಗಿಂತ ತುಸು ಹೆಚ್ಚು ಮಾತ್ರ ಬಿಗಿಯಿರಿ. ಬೆಲ್ಟಿಗೆ ಒಂದು ಸುತ್ತು ತಿರುಚು ಕೊಟ್ಟರೆ ಗಾಳಿಗೆ ಅದು ಗುಂಯ್‌ಗುಟ್ಟಿ ಫಡಫಡಿಸುವುದು ನಿಲ್ಲುತ್ತದೆ.

ಸಾಕಷ್ಟು ಬಿಗಿಯಾಯಿತೇ ಎಂದು ತಿಳಿಯಲು ದೋಣಿಯ ಹಿಂಭಾಗ ಹಿಡಿದು ಜೋರಾಗಿ ಅಲ್ಲಾಡಿಸಿ. ಟ್ರೈಲರಿನ ಕಮಾನು ಸಮೇತ ಎಲ್ಲವೂ ಒಟ್ಟಿಗೆ ತೂಗಿದರೆ ಸರಿ. ಟ್ರೈಲರ್ ನಿಂತಲ್ಲೇ ನಿಂತು ದೋಣಿ ಮಾತ್ರ ಮಿಸುಕಿದರೆ ಸಾಲದು. ಹೊರಟ ಮೇಲೆ ಮೊದಲ 20-25 ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಬೆಲ್ಟುಗಳನ್ನು ನೋಡಿ. ದೋಣಿ ತನ್ನ ಜಾಗದಲ್ಲಿ ಕೂರುವುದು ಆ ದೂರದಲ್ಲೇ. ಒಂದೆರಡು ಹಲ್ಲು ಬಿಗಿಯುವುದು ಬಾಕಿ ಇರುತ್ತದೆ.

ಟಯರ್ ಹಾಸುವ ಸಲಹೆ ಪೂರ್ತಿ ತಪ್ಪಲ್ಲ, ಆದರೆ ಅದು ಲಾರಿಯ ಸಪಾಟು ಮೈಗೆ ಸೇರಿದ್ದು. ಟ್ರೈಲರಿನ ಚೌಕಟ್ಟಿನ ಮೇಲೆ ಒಂದೆರಡು ಟಯರ್ ಇಟ್ಟರೆ ಭಾರವೆಲ್ಲ ಅಲ್ಲೇ ಕೂತು, ಚೆಂಡಿನಂತೆ ಪುಟಿಸಿ, ತಳಕ್ಕೆ ಕಪ್ಪು ಕಲೆಯನ್ನೂ ಹಿಡಿಸುತ್ತದೆ. ದೋಣಿಯೊಳಗೆ ಮೂಟೆ ತುಂಬುವುದಂತೂ ಬೇಡವೇ ಬೇಡ: ಹಲಗೆಯ ನಡುವಿನ ತೆಳು ತಳದ ಮೇಲೆ ಭಾರ ಹೇರಿ, ಆಸರೆಯಿಲ್ಲದ ಜಾಗವನ್ನೇ ಹುಡುಕಿ ಗುದ್ದಿದಂತಾಗುತ್ತದೆ. ಬಲೆ, ಲಂಗರು, ಹುಟ್ಟು, ಬ್ಯಾಟರಿ ಎಲ್ಲವೂ ಜೀಪಿನೊಳಗೆ ಬರಲಿ.

ಚಕ್ರದ ಗಾಳಿ ಇಳಿಸುವ ಸಲಹೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಟ್ರೈಲರಿನ ಚಿಕ್ಕ ಚಕ್ರದ ಎತ್ತರ ಸುಮಾರು 50 ಸೆಂ.ಮೀ., ನಿಮ್ಮ ಬೊಲೆರೊದ ಚಕ್ರದ್ದು ಸುಮಾರು 70. ಜೀಪಿನ ಚಕ್ರ ಹತ್ತು ಸುತ್ತು ಸುತ್ತುವಷ್ಟರಲ್ಲಿ ಟ್ರೈಲರಿನದು ಹದಿನಾಲ್ಕು ಸುತ್ತಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 850 ಸುತ್ತಿಗೆ ಹತ್ತಿರವಾಗುತ್ತದೆ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಟಯರಿನ ಪಕ್ಕೆ ಮಡಚಿ ಬಿಚ್ಚಿಕೊಳ್ಳುತ್ತದೆ, ಆ ಮಡಚುವಿಕೆಯೇ ಶಾಖವಾಗುತ್ತದೆ, ಶಾಖವೇ ಟಯರನ್ನು ಸಿಡಿಸುತ್ತದೆ. ಟಯರಿಗೆ ಎಷ್ಟು ಗಾಳಿ ಹೇಳಿದೆಯೋ ಅಷ್ಟನ್ನು ಬೆಳಗ್ಗೆ ತಣ್ಣಗಿದ್ದಾಗಲೇ ತುಂಬಿಸಿ. ಇನ್ನೊಂದು ವಿಚಾರ: ಟ್ರೈಲರ್ ಟಯರುಗಳು ಸವೆದು ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ.

ಬೇರಿಂಗುಗಳನ್ನು ಹೊರಡುವ ಮೊದಲು ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ತುಂಬಿಸಿ. ದಾರಿಯಲ್ಲಿ ನಿಂತಾಗಲೆಲ್ಲ ಚಕ್ರದ ನಡುವಿನ ಹಬ್ಬಿನ ಮೇಲೆ ಅಂಗೈ ಇಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಅಲ್ಲಿಂದ ಮುಂದೆ ಹೋಗುವಂತಿಲ್ಲ. ಒಂದು ಜೊತೆ ಬೇರಿಂಗ್, ಒಂದು ಡಬ್ಬಿ ಗ್ರೀಸ್, ಟ್ರೈಲರಿನದೇ ಸ್ಟೆಪ್ನಿ, ಅದಕ್ಕೆ ಕೂರುವ ಜ್ಯಾಕು ಜೊತೆಗಿರಲಿ. ತೀರ್ಥಹಳ್ಳಿಯ ದಾರಿಯ ಪಂಕ್ಚರ್ ಅಂಗಡಿಯಲ್ಲಿ ನಿಮ್ಮ ಟ್ರೈಲರಿನ ಅಳತೆಯ ಬೇರಿಂಗ್ ಸಿಗುತ್ತದೆಂದು ಹೊರಡಬೇಡಿ. ಹಾಗೆ ಹೊರಟು ಒಂದು ಇಡೀ ರಾತ್ರಿ ರಸ್ತೆಯ ಬದಿಯಲ್ಲಿ ದೋಣಿಯೊಳಗೇ ಮಲಗಿದವನು ನಾನು.

ಭಾರ ಹಂಚಿಕೆಗೆ ಒಂದು ಅಳತೆಯಿದೆ. ಟ್ರೈಲರ್, ದೋಣಿ ಎಲ್ಲವೂ ಸೇರಿ 750 ಕೆ.ಜಿ. ಆದರೆ, ಜೀಪಿನ ಕೊಂಡಿಯ ಮೇಲೆ ಅದರ ನೂರಕ್ಕೆ 7ರಿಂದ 10 ಪಾಲು, ಅಂದರೆ 50ರಿಂದ 75 ಕೆ.ಜಿ., ಕೂರಬೇಕು. ಇದನ್ನು ಮಂಡಿಯ ತೂಕದ ಯಂತ್ರದ ಮೇಲೆ ಟ್ರೈಲರಿನ ಮುಂಗೊಂಡಿಯನ್ನು, ಜೀಪಿಗೆ ಸಿಕ್ಕಿಸಿದಾಗ ಇರುವ ಎತ್ತರಕ್ಕೇ, ಆನಿಸಿ ನೋಡಬಹುದು. ಭಾರ ಹಿಂದೆ ಹೆಚ್ಚಾದರೆ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡಿ ಜೀಪನ್ನೇ ಎತ್ತೆತ್ತಲೋ ಎಳೆಯುತ್ತದೆ. ಹಾಗಾದಾಗ ಬ್ರೇಕ್ ಒತ್ತುವುದು ಎಲ್ಲರ ಮೊದಲ ತಪ್ಪು; ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರಕ್ಕೆ ಹಿಡಿದು, ತಾನಾಗಿ ವೇಗ ಇಳಿಯಲು ಬಿಡಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಅಡ್ಡ ಬೀಸುವ ಗಾಳಿಗೆ ಹಗುರ ದೋಣಿಯ ಎತ್ತರದ ಪಕ್ಕೆ ಒಳ್ಳೆಯ ಹಾಯಿಯಾಗುತ್ತದೆ. ಹೆದ್ದಾರಿ ಎಷ್ಟೇ ನುಣುಪಾಗಿದ್ದರೂ ನಾನು 60 ದಾಟಿಸುವುದಿಲ್ಲ.

ತಾಡಪಾಲಿನ ಮಾತಿಗೆ ಬಂದರೆ, ನಿಮ್ಮ ದೋಣಿಯ ಬಣ್ಣ ಉಜ್ಜಿದ್ದರಲ್ಲಿ ಹೆಚ್ಚಿನ ಪಾಲು ಅದರದೇ. ಸಡಿಲ ತಾಡಪಾಲಿನ ಒಳಗೆ ರಸ್ತೆಯ ದೂಳು ಸೇರಿ, ಗಾಳಿಗೆ ಅದು ಬಡಿದುಕೊಂಡಾಗ, ಉಪ್ಪುಕಾಗದದಿಂದ ಹತ್ತು ಗಂಟೆ ತಿಕ್ಕಿದ ಹಾಗೆ ಆಗುತ್ತದೆ. ದೋಣಿಯ ಹೊರಮೈಯ ಹೊಳಪು ಪದರ, ಜೆಲ್‌ಕೋಟ್, ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಅದು ಸವೆದರೆ ಒಳಗಿನ ನಾರಿನ ಪದರಕ್ಕೆ ನೀರು ಇಳಿಯಲು ದಾರಿ ಸಿಗುತ್ತದೆ. ಆ ದೋಣಿಗೇ ಹೊಲಿಸಿದ, ಎಲ್ಲೂ ಸಡಿಲವಿಲ್ಲದ ಹೊದಿಕೆಯಿದ್ದರೆ ಹಾಕಿ, ಇಲ್ಲದಿದ್ದರೆ ಬರಿಮೈಯಲ್ಲೇ ತನ್ನಿ. ಮಳೆ ಬಂದರೇನು ಎಂದು ಕೇಳಬಹುದು. ತಳದ ಬೂಚನ್ನು ತೆಗೆದಿಟ್ಟು ಹೊರಟರೆ ಮಳೆ ತಾನೇ ಹರಿದುಹೋಗುತ್ತದೆ. ಬೂಚು ಹಾಕಿಕೊಂಡೇ ಬಂದರೆ, ಎಂಟು ಚದರ ಮೀಟರ್ ಬಾಯಿಯ ದೋಣಿಗೆ 25 ಮಿ.ಮೀ. ಮಳೆ ಬಿದ್ದಾಗ 200 ಲೀಟರ್, ಅಂದರೆ 200 ಕೆ.ಜಿ. ನೀರು ಒಳಗೆ ನಿಂತು ಪ್ರತಿ ತಿರುವಿನಲ್ಲೂ ಹೊರಳುತ್ತದೆ. ತೆಗೆದ ಬೂಚನ್ನು ಜೀಪಿನ ಕೀಲಿಕೈ ಗೊಂಚಲಿಗೇ ಕಟ್ಟಿಬಿಡಿ. ಜೀಪಿನ ಹಿಂದಿನ ಚಕ್ರಗಳಿಗೆ ನೆಲದ ಹತ್ತಿರದವರೆಗೆ ಬರುವ ಮಡ್‌ಫ್ಲ್ಯಾಪ್ ಹಾಕಿಸಿದರೆ ದೋಣಿಯ ಮೂತಿಗೆ ಕಲ್ಲು ಸಿಡಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ.

ದಾರಿ ಮತ್ತು ಕಾಲದ ಆಯ್ಕೆಯಲ್ಲಿ ನೀವು ಕಳೆದ ಸಲ ಎಡವಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡದಲ್ಲಿರುತ್ತವೆ, ತಳ ನೋಡಿ ಕೊಳ್ಳಲು ಅದು ಒಳ್ಳೆಯ ಕಾಲ. ಆದರೆ ಸಾಗಿಸಲು ಅದಕ್ಕಿಂತ ಕೆಟ್ಟ ಕಾಲವಿಲ್ಲ. ಆಗ ವ್ಯಾಪಾರ ಮುಗಿಸಿ, ಮಳೆ ನಿಂತ ಮೇಲೆ ತನ್ನಿ. ಆಗುಂಬೆ, ಶಿವಮೊಗ್ಗ, ಹೊಳಲ್ಕೆರೆ ಮೂಲಕ ಹತ್ತಿರದ ದಾರಿ ಹೌದು, ಆದರೆ ಆಗುಂಬೆ ಘಾಟಿಯ ಮಡಚು ತಿರುವುಗಳಲ್ಲಿ ಟ್ರೈಲರಿನ ಒಳಚಕ್ರ ಜೀಪಿನ ಜಾಡು ಬಿಟ್ಟು ಒಳಕ್ಕೆ ಕತ್ತರಿಸುತ್ತದೆ. ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವೂ ಇರುವುದರಿಂದ ಟ್ರೈಲರ್ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ, ದಾವಣಗೆರೆ ದಾರಿ ಹತ್ತಿರ ಹತ್ತಿರ ಎರಡು ಪಟ್ಟು ಉದ್ದ, ಆದರೆ ಬಹುಪಾಲು ಅಗಲ ಹೆದ್ದಾರಿ. ಹೊಸದಾಗಿ ಟ್ರೈಲರ್ ಎಳೆಯುವವರಿಗೆ ನಾನು ಉದ್ದ ದಾರಿಯನ್ನೇ ಹೇಳುತ್ತೇನೆ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು, ಹಿಂದೆ ದೀಪಗಳು ಉರಿಯಬೇಕು. ಮನೆಯಲ್ಲಿ ಮಾಡಿಸಿದ ಟ್ರೈಲರಾದ್ದರಿಂದ ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲಿ ಇದನ್ನು ಮೊದಲು ಬಗೆಹರಿಸಿಕೊಳ್ಳಿ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ನೀವು ಒಂದೇ ಸಲ ತಂದು ಮಾರಿಕಣಿವೆಯಲ್ಲೇ ಇಟ್ಟುಕೊಳ್ಳುವುದಾದರೆ ಟ್ರೈಲರಿಗಿಂತ ಬಾಡಿಗೆಯ ಕ್ಯಾಂಟರ್ ಮೇಲು. ಮೈ 19-20 ಅಡಿ ಇರುವ ಗಾಡಿ ಬೇಕು, ದೋಣಿಯ ಹಿಂಭಾಗ ಹೊರಗೆ ಚಾಚಬಾರದು. ಕೆಳಗೆ ಮರದ ಆಸರೆ ಮಾಡಿಸಿ, ಪಕ್ಕಗಳಿಗೆ ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ಸಿಕ್ಕಿಸಬಹುದು. ನಮ್ಮಲ್ಲಿ ಮಂಡಕ್ಕಿ ಭಟ್ಟಿಗಳ ದೆಸೆಯಿಂದ ಹೊಟ್ಟಿಗೇನೂ ಬರವಿಲ್ಲ, ಮಲ್ಪೆಗೆ ಹೋಗುವಾಗಲೇ ಒಯ್ಯಬಹುದು. ಚೀಲ ದಾರಿಯಲ್ಲಿ ಅದುಮಿಕೊಂಡು ಬೆಲ್ಟು ಸಡಿಲಾಗುತ್ತದೆ ಎಂಬುದು ನೆನಪಿರಲಿ, ಆದ್ದರಿಂದ ಭಾರವನ್ನು ಮರವೇ ಹೊರಬೇಕು, ಹೊಟ್ಟು ಪಕ್ಕಕ್ಕೆ ಮಾತ್ರ. ಅಪಾಯವಿರುವುದು ಹತ್ತಿಸಿ ಇಳಿಸುವಾಗ: ಕ್ರೇನಿನ ಸರಪಳಿಯನ್ನು ನೇರವಾಗಿ ಸುತ್ತಿದರೆ ಅಂಚು ಒಡೆಯುತ್ತದೆ. ಅಗಲ ಬಟ್ಟೆಪಟ್ಟಿಗಳನ್ನು ಎರಡು ಕಡೆ ಹಾಯಿಸಿ, ಮೇಲೆ ಅಡ್ಡಕೋಲು ಕೊಟ್ಟು ಎತ್ತಿಸಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಬೇರೆ ಕೆರೆಗಳಿಗೂ ಒಯ್ಯುವ ಉದ್ದೇಶವಿದ್ದರೆ ಮಾತ್ರ ಟ್ರೈಲರಿನ ಖರ್ಚಿಗೆ ಅರ್ಥವಿದೆ.

ಟ್ರೈಲರಿನಲ್ಲೇ ತಂದರೆ, ತಲುಪಿದ ಕೂಡಲೇ ನೀರಿಗೆ ನುಗ್ಗಿಸಬೇಡಿ. ಬಿಸಿ ಹಬ್ಬು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ, ಬೇರಿಂಗ್ ತುಕ್ಕು ಹಿಡಿಯುವುದು ಅಲ್ಲಿಂದಲೇ. ಅರ್ಧ ಮುಕ್ಕಾಲು ಗಂಟೆ ನಿಲ್ಲಿಸಿ, ಅಷ್ಟರಲ್ಲಿ ಸಮುದ್ರದ ಉಪ್ಪನ್ನು ಸಿಹಿನೀರಿನಿಂದ ತೊಳೆಯಿರಿ. ಬೇರೆ ಕೆರೆಯಿಂದ ತರುವಾಗ ಟ್ರೈಲರಿಗೆ ಸಿಕ್ಕಿದ ಅಂತರಗಂಗೆಯ ತುಂಡನ್ನೂ ಬಿಡದೆ ಕಿತ್ತುಹಾಕಿ. ಒಂದು ಗಿಡ ಸಾಕು, ಕೆರೆ ಮುಚ್ಚಲು. ಜಲಾಶಯದಲ್ಲಿ ಯಂತ್ರದ ದೋಣಿ ಓಡಿಸಲು ಅನುಮತಿ ಬೇಕು, 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯ ವಿಚಾರವೂ ಇದೆ. ಇವನ್ನು ದೋಣಿ ಬರುವ ಮೊದಲೇ ಕೇಳಿಕೊಳ್ಳಿ.

ಒಡೆದ ದೋಣಿಯನ್ನು ಉಳಿಸಬಹುದೇ ಎಂದು ಕೇಳಿದ್ದೀರಿ. ಮೂಲೆಯ ಕೂದಲೆಳೆ ಗೆರೆಗಳು ಜೆಲ್‌ಕೋಟಿನಷ್ಟೇ ಆಳಕ್ಕಿದ್ದರೆ ಚಿಂತೆಯಿಲ್ಲ. ತಳದ ಅಡ್ಡ ಬಿರುಕಿನ ಸುತ್ತ ಒಂದು ರೂಪಾಯಿ ನಾಣ್ಯದಿಂದ ಅಂಗುಲ ಅಂಗುಲವಾಗಿ ಕುಟ್ಟುತ್ತಾ ಹೋಗಿ: ‘ಟಕ್ ಟಕ್’ ಎಂಬ ಗಟ್ಟಿ ಸದ್ದು ಇದ್ದಕ್ಕಿದ್ದಂತೆ ‘ಡಬ್’ ಎಂದು ಮಂಕಾದ ಕಡೆ ಒಳಗಿನ ಪದರಗಳು ಬಿಟ್ಟುಕೊಂಡಿವೆ. ಆ ಗಡಿಯನ್ನು ಸೀಸದಕಡ್ಡಿಯಿಂದ ಗುರುತಿಸಿ. ಅಷ್ಟನ್ನೂ ಉಜ್ಜಿ ತೆಗೆದು, ತಳದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಿ, ಪದರ ಪದರವಾಗಿ ನಾರು, ರೆಸಿನ್ ಕೂಡಿಸಿದರೆ ಹಳೆಯ ಬಲ ಬಹುಪಾಲು ಮರಳುತ್ತದೆ. ಮೇಲೆ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದರೆ ಮೊದಲ ಅಲೆಗೇ ಮತ್ತೆ ಬಾಯಿ ಬಿಡುತ್ತದೆ. ಆದರೆ ಈ ಕೆಲಸಕ್ಕೆ ಕೈ ಹಾಕುವ ಮೊದಲು ಎಂಜಿನ್ ಕೂರುವ ಹಲಗೆಯನ್ನು ಪರೀಕ್ಷಿಸಿ, ಏಕೆಂದರೆ ಅದರ ಒಳಗಿರುವುದು ಪ್ಲೈವುಡ್. ಒಳಮೈಯಲ್ಲಿ, ಕೆಳಗಿನ ಅಂಚಿಗೆ ಹತ್ತಿರ, ಹೊರಗಿನ ಪದರದವರೆಗೆ ಹೋಗದಂತೆ 3 ಮಿ.ಮೀ. ರಂಧ್ರವೊಂದನ್ನು ಕೊರೆಸಿ. ಒಣಗಿದ ತಿಳಿ ಬಣ್ಣದ ಮರದ ಪುಡಿ ಬಂದರೆ ರಂಧ್ರ ಮುಚ್ಚಿ ತಳದ ಕೆಲಸ ಶುರುಮಾಡಿ. ಕಪ್ಪಗೆ, ಒದ್ದೆಯಾಗಿ, ನೆನೆದ ಚಹಾಪುಡಿಯಂಥದ್ದು ಬಂದರೆ ಆ ಹಲಗೆಯನ್ನೇ ಪೂರ್ತಿ ಬದಲಿಸಬೇಕಾಗುತ್ತದೆ. ಆ ಖರ್ಚು ಮತ್ತು ಮಲ್ಪೆಯಲ್ಲಿ ಈಗ ನೋಡಿರುವ ದೋಣಿಯ ಬೆಲೆ ಎರಡನ್ನೂ ಪಕ್ಕಪಕ್ಕ ಬರೆದುಕೊಂಡ ಮೇಲೆ ತೀರ್ಮಾನಿಸಿ.